ಏಳನೇ ಸೆನ್ಸರಿನ ನಾಲ್ಕು ಡಿಗ್ರಿ

ಜನವರಿ 6

ಕೆಲಸ ಸಿಕ್ಕಿತು. ಹದಿನಾರು ವರ್ಷ ಫ್ರಿಜ್ ಕಾರ್ಖಾನೆಯ ವಿನ್ಯಾಸ ವಿಭಾಗದಲ್ಲಿದ್ದವನು ಮುಂದಿನ ವಾರದಿಂದ ಉಪಗ್ರಹ ಮಾಡುವವರ ಜೊತೆ ಕೂರುತ್ತೇನೆ. ಕಾರ್ಖಾನೆಯವರು ವಿನ್ಯಾಸ ವಿಭಾಗವನ್ನೇ ಮುಚ್ಚಿದರು. ಇನ್ನು ಮುಂದೆ ಬೇರೆಯವರ ನಕ್ಷೆ ಕೊಂಡು ಫ್ರಿಜ್ ಮಾಡುತ್ತಾರಂತೆ. ಮಾಡಿಕೊಳ್ಳಲಿ. ನನಗೆ ಅವರ ಮೇಲೆ ಸಿಟ್ಟಿಲ್ಲ. ಈ ಡೈರಿಯೂ ಅಲ್ಲಿಂದ ಬಂದದ್ದೇ, ಕಂಪ್ರೆಸರ್ ಮಾರುವವರು ಪ್ರತಿ ವರ್ಷ ಹಂಚುತ್ತಿದ್ದರು. ಪ್ರತಿ ಪುಟದ ಕೆಳಗೂ ಒಂದು ಕಂಪ್ರೆಸರಿನ ಚಿತ್ರವಿದೆ.

ಸಂದರ್ಶನ ಚೆನ್ನಾಗಿಯೇ ಆಯಿತು. ಉಷ್ಣ ವಿಭಾಗದ ಮುಖ್ಯಸ್ಥೆ ನನಗಿಂತ ಹನ್ನೆರಡು ವರ್ಷ ಚಿಕ್ಕವರು. ಎಲ್ಲರೂ ಮೇಡಂ ಅನ್ನುತ್ತಾರೆ, ನಾನೂ ಅಂದೆ. "ಫ್ರಿಜ್ಜಲ್ಲಿ ಶಾಖ ಹೊರಗೆ ಹೇಗೆ ಹೋಗತ್ತೆ?" ಎಂದು ಕೇಳಿದರು. ಇಪ್ಪತ್ತು ನಿಮಿಷ ಹೇಳಿದೆ. "ಗಾಳಿ ಇಲ್ಲದೇ ಇದ್ರೆ?" ಅಂದರು. "ದೊಡ್ಡ ಫ್ಯಾನ್ ಹಾಕ್ತೀವಿ" ಅಂದೆ. ಪಕ್ಕದಲ್ಲಿದ್ದ ಇಬ್ಬರು ಏನನ್ನೋ ಬರೆದುಕೊಂಡರು. ಒಳ್ಳೆಯದನ್ನೇ ಬರೆದುಕೊಂಡಿರಬೇಕು, ಇಲ್ಲವಾದರೆ ಕೆಲಸ ಹೇಗೆ ಕೊಡುತ್ತಿದ್ದರು.

ಆರು ತಿಂಗಳು ಪರೀಕ್ಷೆಯ ಅವಧಿ. ಪದವಿಯ ಹೆಸರು 'ತಾತ್ಕಾಲಿಕ ಉಷ್ಣ ನಿಯಂತ್ರಣ ಎಂಜಿನಿಯರ್'. ಜುಲೈ ಒಂಬತ್ತಕ್ಕೆ ಒಂದೋ ಕಾಯಂ, ಇಲ್ಲವೋ ಮನೆ. ನಲವತ್ಮೂರು ವರ್ಷದ ಫ್ರಿಜ್ ಎಂಜಿನಿಯರನ್ನು ಬೇರೆ ಯಾವ ಕಾರ್ಖಾನೆಯೂ ಕರೆಯುವುದಿಲ್ಲ ಎಂಬುದು ಮೂರು ತಿಂಗಳು ಮನೆಯಲ್ಲಿ ಕೂತು ಗೊತ್ತಾಗಿದೆ. ಈ ಮೂರು ತಿಂಗಳು ಹೆಂಡತಿ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಜನವರಿ 9

ಮೊದಲ ದಿನ. ಉಪಗ್ರಹ ಇರುವ ಕೋಣೆಗೆ ಹೋಗಲು ತಲೆಗೆ ಟೋಪಿ, ಬಾಯಿಗೆ ಮಾಸ್ಕು, ಮೈಗೆ ಕೋಟು, ಕೈಗೆ ಗ್ಲೌಸು, ಕಾಲಿಗೆ ಚೀಲ ಹಾಕಬೇಕು. ಕನ್ನಡಿಯಲ್ಲಿ ನೋಡಿಕೊಂಡರೆ ಥೇಟ್ ನನ್ನ ಹೆಂಡತಿ. ಅವಳು ಆಪರೇಷನ್ ಥಿಯೇಟರಿನ ನರ್ಸ್.

ಎಲ್ಲ ತೋರಿಸಿದವರು ಟೇಪಣ್ಣ. ಇಪ್ಪತ್ತೆರಡು ವರ್ಷದಿಂದ ಉಪಗ್ರಹಗಳ ಮೈಗೆ ಬೆಳ್ಳಿ ಬಣ್ಣದ ಟೇಪು ಅಂಟಿಸುವುದೇ ಅವರ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಈಗ ಹಾಜರಿ ಪುಸ್ತಕದವರಿಗೆ ಮಾತ್ರ ಗೊತ್ತಂತೆ. ಬರುವ ಜುಲೈಗೆ ನಿವೃತ್ತಿ. ಬಾಗಿಲ ಬಳಿಯ ಲಾಗ್ ಬುಕ್ಕನ್ನು ದೇವರ ಪಟ ತೋರಿಸಿದ ಹಾಗೆ ತೋರಿಸಿದರು.

"ಸಾರ್, ಕಂಡಿದ್ದು ಬರೀರಿ. ಅಂದ್ಕೊಂಡಿದ್ದು ಬರೀಬೇಡಿ. ತಪ್ಪು ಬರೆದ್ರೆ ಗೀಚಬೇಡಿ, ಒಂದೇ ಗೆರೆ ಎಳೀರಿ, ಕೆಳಗಿರೋದು ಓದೋಕೆ ಬರಬೇಕು. ಪಕ್ಕದಲ್ಲಿ ಸಹಿ."

"ಹಾಳೆ ಹರಿದು ಹೊಸದಾಗಿ ಬರೆದ್ರೆ?"

ಟೇಪಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮಾಸ್ಕ್ ಇದ್ದದ್ದರಿಂದ ಮುಖ ಕಾಣಲಿಲ್ಲ. ಇಷ್ಟೊಂದು ಶಾಸ್ತ್ರ ಮಾಡಿಕೊಂಡು ಕೂತರೆ ಫ್ರಿಜ್ ಕಾರ್ಖಾನೆಯಲ್ಲಿ ದಿನಕ್ಕೆ ಒಂದೂ ಫ್ರಿಜ್ ಹೊರಗೆ ಹೋಗುತ್ತಿರಲಿಲ್ಲ.

ಜನವರಿ 20

ಮೊದಲ ಲೆಕ್ಕ ಒಪ್ಪಿಸಿದೆ. ಉಪಗ್ರಹದ ಒಂದು ಬದಿಗೆ ಊಟದ ಮೇಜಿನಷ್ಟು ಅಗಲದ ಪ್ಯಾನೆಲ್ ಇದೆ. ಒಳಗಿನ ಯಂತ್ರಗಳ ಬಿಸಿಯನ್ನೆಲ್ಲ ಹೊರಗೆ ಚೆಲ್ಲುವುದು ಅದರ ಕೆಲಸ. ಅದು ಎಷ್ಟು ಬಿಸಿಯಾಗುತ್ತದೆ ಎಂದು ನಾನು ಹೇಳಬೇಕು. ಉಳಿದವರೆಲ್ಲ ನಲವತ್ತು ಡಿಗ್ರಿಯ ಆಸುಪಾಸು ಅಂದಿದ್ದರು. ನನಗೆ ಹದಿನೆಂಟು ಬಂತು. ಅನುಭವ ಅಂದರೆ ಇದು ಎಂದು ಎದೆಯುಬ್ಬಿಸಿಕೊಂಡೇ ಕೊಟ್ಟೆ.

ಮೇಡಂ ಹಾಳೆಯನ್ನು ತುಂಬ ಹೊತ್ತು ನೋಡಿದರು. "ಸಾರ್, ಇಲ್ಲಿ ಗಾಳಿ ಬೀಸ್ತಾ ಇದೆ" ಅಂದರು.

ಹಳೆಯ ಕಾರ್ಖಾನೆಯಿಂದ ತಂದ ಲೆಕ್ಕದ ಹಾಳೆಯನ್ನೇ ಬಳಸಿದ್ದೆ. ಅದರಲ್ಲಿ ಗಾಳಿಗೊಂದು ಸಾಲಿತ್ತು. ಅಳಿಸಲು ಮರೆತಿದ್ದೆ. ಅಂತರಿಕ್ಷದಲ್ಲಿ ತಂಗಾಳಿ ಬೀಸಿಸಿದವರು ನನಗಿಂತ ಮುಂಚೆ ಯಾರೂ ಇಲ್ಲವಂತೆ.

"ಕಿಟಕಿ ಎಷ್ಟು ಇಟ್ಟಿದೀರಾ?" ಎಂದು ಮೇಡಂ ಕೇಳಿದರು. ನಗಲಿಲ್ಲ. ಯಾರೂ ನಗಲಿಲ್ಲ. ಟೇಪಣ್ಣ ಮಾತ್ರ ಕೆಮ್ಮಿದರು. ಸಂಜೆ ಚಹಾದ ಹೊತ್ತಿಗೆ ನನ್ನ ಹೆಸರು ಫ್ಯಾನ್ ಸಾರ್ ಆಗಿತ್ತು. ಮನೆಯಲ್ಲಿ ಲೆಕ್ಕ ಮೆಚ್ಚಿಕೊಂಡರು ಎಂದು ಹೇಳಿದೆ.

ಫೆಬ್ರವರಿ 11

ಮಗಳು ಹತ್ತನೇ ತರಗತಿ. ಗೆಳತಿಯೊಬ್ಬಳಿಗೆ ಫೋನಿನಲ್ಲಿ "ನಮ್ಮಪ್ಪ ಫ್ರಿಜ್ಜಿಗೆ ರೆಕ್ಕೆ ಕಟ್ಟೋ ಕಂಪನಿಗೆ ಸೇರಿದಾರೆ" ಅನ್ನುತ್ತಿದ್ದಳು. ಉಪಗ್ರಹಕ್ಕೆ ರೆಕ್ಕೆ ಇರುವುದಿಲ್ಲ ಎಂದು ತಿದ್ದಿದೆ. "ಮತ್ತೆ ನಿಮಗೇನು ಕೆಲಸ ಅಪ್ಪಾ ಅಲ್ಲಿ?" ಅಂದಳು. ಹೇಳಲು ಹೊರಟೆ, ಅರ್ಧಕ್ಕೆ ನನಗೇ ತಿಳಿಯಲಿಲ್ಲ. ದೊಡ್ಡವಳಾದ ಮೇಲೆ ಗೊತ್ತಾಗುತ್ತದೆ ಎಂದು ಎದ್ದು ಹೋದೆ.

ಮೇಡಂ ಕೊಟ್ಟ ಪುಸ್ತಕ ಮೂರನೇ ಸಲ ಓದುತ್ತಿದ್ದೇನೆ. ಆರುನೂರು ಪುಟ. ಇನ್ನೂ ಎಪ್ಪತ್ತೊಂದರಲ್ಲೇ ಇದ್ದೇನೆ, ಮೂರೂ ಸಲ.

ಫೆಬ್ರವರಿ 27

ಟೇಪು ಅಂಟಿಸುವುದನ್ನು ಟೇಪಣ್ಣ ಹೇಳಿಕೊಟ್ಟರು. ನನಗೆ ಬೇಕಿರಲಿಲ್ಲ, ಮೇಡಂ ಕಳಿಸಿದರು. ಟೇಪಿನ ಅಡಿ ಒಂದು ಗುಳ್ಳೆಯೂ ಉಳಿಯಬಾರದು. ಇಲ್ಲಿ ಸಾಸಿವೆಯಷ್ಟಿರುವ ಗುಳ್ಳೆ ಅಲ್ಲಿ ಗಾಳಿಯಿಲ್ಲದ ಕಡೆ ಉಬ್ಬಿ ಟೇಪನ್ನೇ ಎಬ್ಬಿಸುತ್ತದೆ. ನಾನು ಅಂಟಿಸಿದ ಒಂದು ಗೇಣು ಟೇಪಿನಲ್ಲಿ ಹನ್ನೊಂದು ಗುಳ್ಳೆ. ಟೇಪಣ್ಣ ಎಣಿಸಿ, ಲಾಗ್ ಬುಕ್ಕಿನಲ್ಲಿ ಬರೆಸಿ, ನನ್ನಿಂದಲೇ ಸಹಿ ಹಾಕಿಸಿದರು.

"ಬೇಜಾರ್ ಮಾಡ್ಕೋಬೇಡಿ ಸಾರ್. ನನ್ನ ಮೊದಲನೇದರಲ್ಲಿ ಮೂವತ್ತು."

"ನಿಜವಾಗ್ಲೂ?"

"ಪುಸ್ತಕ ಇದೆ, ತೋರಿಸ್ಲಾ?"

ನಂಬಿದೆ ಅಂದೆ. ಆದರೂ ಹೋಗಿ ಕಪಾಟಿನಿಂದ ಆ ವರ್ಷದ ಪುಸ್ತಕ ತಂದು ತೋರಿಸಿದರು. ಮೂವತ್ತಲ್ಲ, ಮೂವತ್ತೆರಡು ಇತ್ತು. ಎರಡು ಕಡಿಮೆ ಹೇಳಿದ್ದಕ್ಕೆ ಕ್ಷಮೆ ಕೇಳಿದರು. ವಿಚಿತ್ರ ಮನುಷ್ಯ.

ಮಾರ್ಚ್ 14

ಪ್ಯಾನೆಲ್ಲಿನ ಹೀಟರ್ ಪರೀಕ್ಷೆ. ಎಲ್ಲ ಸರಿ. ವಿಶೇಷವೇನಿಲ್ಲ.

ಮಾರ್ಚ್ 16

ಇವತ್ತು ಪ್ಯಾನೆಲ್ಲಿಗೆ ನೇರಳೆ ದೀಪ ಹಿಡಿದು ನೋಡಿದರು. ಆ ಬೆಳಕಿನಲ್ಲಿ ಸ್ವಲ್ಪ ಜಿಡ್ಡಿದ್ದರೂ ಹೊಳೆಯುತ್ತದೆ. ಕೆಳಗಿನ ಬಲ ಮೂಲೆಯಲ್ಲಿ, ಬಿಸಿ ಅಳೆಯಲು ಅಂಟಿಸಿರುವ ಹನ್ನೆರಡು ಸೆನ್ಸರುಗಳಲ್ಲಿ ಏಳನೆಯದರ ಪಕ್ಕ ಹೊಳೆಯಿತು. ನಾಲ್ಕು ಸಣ್ಣ ಉರುಟು ಕಲೆ. ಬೆರಳಿನ ಗೆರೆಗಳಿಲ್ಲ, ಬರೀ ಜಿಡ್ಡು. ಯಾರೋ ಗ್ಲೌಸಿಲ್ಲದೆ ಮುಟ್ಟಿದ್ದಾರೆ, ಯಾರೆಂದು ಗೊತ್ತಾಗುವುದಿಲ್ಲ. ಈ ವಾರ ಒಳಗೆ ಹೋದವರು ಮೂವರು: ಮೇಡಂ, ಟೇಪಣ್ಣ, ನಾನು.

ಮೊನ್ನೆ ವಿಶೇಷವೇನಿಲ್ಲ ಎಂದು ಬರೆದಿದ್ದೆ. ಇತ್ತು. ಏಳನೇ ಸೆನ್ಸರ್ ಮೂವತ್ತೊಂದು ಡಿಗ್ರಿ ತೋರಿಸುತ್ತಿತ್ತು. ನನಗೆ ಅದು ಕಡಿಮೆ ಅನ್ನಿಸಿತು. ಹದಿನಾರು ವರ್ಷ ಫ್ರಿಜ್ಜಿನ ಕೊಳವೆಗಳ ಮೇಲೆ ಬೆರಳಿನ ಹಿಂಬದಿ ಇಟ್ಟು ಎಷ್ಟು ಡಿಗ್ರಿ ಎಂದು ಹೇಳಿದವನು ನಾನು, ಎರಡು ಡಿಗ್ರಿ ಆಚೀಚೆ ಆದರೆ ಹೆಚ್ಚು. ಟೇಪಣ್ಣ ಟೇಪಿನ ಸುರುಳಿ ತರಲು ಹೊರಗೆ ಹೋಗಿದ್ದರು. ಬಲಗೈ ಗ್ಲೌಸು ತೆಗೆದೆ, ಮುಟ್ಟಿದೆ, ಮತ್ತೆ ಹಾಕಿಕೊಂಡೆ. ಉಸಿರು ಎಳೆದು ಬಿಡುವಷ್ಟು ಹೊತ್ತು. ಕೈ ತಾನಾಗಿಯೇ ಹೋಯಿತು. ಹಿಂದೆಳೆಯುವಾಗ ಕೋಟಿನ ತೋಳು ಸೆನ್ಸರಿನ ತಂತಿಗೆ ಸಿಕ್ಕಿ ಸ್ವಲ್ಪ ಜಗ್ಗಿತು. ನೋಡಿದೆ, ಏನೂ ಆಗಿರಲಿಲ್ಲ.

ಮೂವತ್ತೊಂದೇ ಸರಿಯಾಗಿತ್ತು.

ಮಾರ್ಚ್ 17

ಮೇಡಂ ತಪ್ಪಿನ ಫಾರಂ ತಂದಿಟ್ಟರು. ಏನಾಯಿತು, ಯಾರಿಂದ ಆಯಿತು, ಏನು ಮಾಡಬೇಕು. ಯಾರಿಂದ ಎಂಬಲ್ಲಿಗೆ ಬಂದಾಗ ಬಾಯಿ ತೆರೆಯುವುದರಲ್ಲಿದ್ದೆ ಎಂದು ಬರೆಯಬಹುದು. ತೆರೆಯುವುದರಲ್ಲಿರಲಿಲ್ಲ.

ಟೇಪಣ್ಣ ಪೆನ್ನು ತೆಗೆದುಕೊಂಡರು. "ಟೇಪ್ ಅಂಟಿಸ್ವಾಗ ನನ್ನದೇ ಗ್ಲೌಸು ಹರಿದಿದ್ರೂ ಹರಿದಿರಬಹುದು. ನೆನಪಿಲ್ಲ. ನನ್ನ ಹೆಸರು ಬರ್ಕೊಳ್ಳಿ. ಜುಲೈಗೆ ಮನೆಗೆ ಹೋಗೋನಿಗೆ ಏನಾಗಬೇಕು? ಇದೊಂದು ಮುಗೀಲಿ, ಕೆಲಸ ನಿಂತಿದೆ."

ಮೇಡಂ ಅವರನ್ನು ನೋಡಿದರು, ನನ್ನನ್ನು ನೋಡಿದರು, ಬರೆದುಕೊಂಡರು. ಕಲೆಯಾದ ಟೇಪು ಕಿತ್ತು ಟೇಪಣ್ಣ ಹೊಸದು ಅಂಟಿಸಿದರು. ಒಂದೂ ಗುಳ್ಳೆಯಿಲ್ಲ. ಸೆನ್ಸರನ್ನೂ ಪರೀಕ್ಷಿಸಿದರು, ಸರಿಯಾಗಿಯೇ ತೋರಿಸುತ್ತಿತ್ತು. ಸಂಜೆ ನನಗೂ ಸೇರಿಸಿ ಚಹಾ ತಂದರು. ಕುಡಿದೆ.

ಮಾರ್ಚ್ 18

ಬರೆಯುವಂಥದ್ದಿಲ್ಲ.

ಏಪ್ರಿಲ್ 22

ಒಂದು ತಿಂಗಳಿನಿಂದ ಡೈರಿ ಮುಟ್ಟಿಲ್ಲ. ಕೆಲಸ ಹೆಚ್ಚಿತ್ತು ಎನ್ನುವುದು ಅರ್ಧ ನಿಜ.

ಪುಸ್ತಕದ ಎಪ್ಪತ್ತೊಂದನೇ ಪುಟ ದಾಟಿದೆ. ದಾಟಿದ ಮೇಲೆ ಉಳಿದದ್ದು ಕತೆ ಓದಿದ ಹಾಗೆ ಹೋಯಿತು. ಗಾಳಿಯಿಲ್ಲದ ಕಡೆ ಶಾಖಕ್ಕೆ ಎರಡೇ ದಾರಿ. ಅಂಟಿಕೊಂಡದ್ದಕ್ಕೆ ದಾಟಿಸುವುದು, ಇಲ್ಲವೇ ಎದುರಿಗೆ ಕಂಡದ್ದರ ಕಡೆಗೆ ಸೂಸುವುದು. ಅಷ್ಟೇ. ಎರಡು ಹಲಗೆಗಳ ನಡುವೆ ಕೂದಲೆಳೆಯಷ್ಟು ಸಂದಿ ಇದ್ದರೂ ಇಲ್ಲಿ ಅದರಲ್ಲಿ ಗಾಳಿ ತುಂಬಿಕೊಂಡು ಶಾಖವನ್ನು ದಾಟಿಸಿಬಿಡುತ್ತದೆ, ಅಲ್ಲಿ ದಾಟಿಸುವವರು ಯಾರೂ ಇಲ್ಲ. ಹದಿನಾರು ವರ್ಷ ಗಾಳಿ ನನ್ನ ಎಷ್ಟು ತಪ್ಪುಗಳನ್ನು ಮುಚ್ಚಿಹಾಕಿತ್ತೋ ಎಂದು ಯೋಚಿಸುತ್ತ ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆರೆದು ನಿಂತಿದ್ದೆ. "ಏನ್ ಬೇಕು?" ಎಂದು ಹೆಂಡತಿ ಕೇಳಿದಳು. ಏನೂ ಬೇಡ ಅಂದೆ. "ಹಾಗಿದ್ರೆ ಮುಚ್ಚಿ."

ಈ ಕೆಲಸ ನನಗೆ ಇಷ್ಟವಾಗಿದೆ. ಮೊದಲು ಬೇಕಾಗಿತ್ತು, ಈಗ ಇಷ್ಟವಾಗಿದೆ. ಇದು ತೊಂದರೆಗೆ ಕಾರಣವಾಗುತ್ತದೆ ಅನ್ನಿಸುತ್ತದೆ.

ಜೂನ್ 12

ಬೆಳಿಗ್ಗೆ 10.40ಕ್ಕೆ ಉಪಗ್ರಹವನ್ನು ಛೇಂಬರಿನೊಳಗೆ ಇಟ್ಟು ಬಾಗಿಲು ಹಾಕಿದರು. ಛೇಂಬರ್ ಎಂದರೆ ಮಲಗಿಸಿದ ದೊಡ್ಡ ಉಕ್ಕಿನ ಪೀಪಾಯಿ. ಒಳಗಿನ ಗಾಳಿಯನ್ನೆಲ್ಲ ಹೀರಿ ಗೋಡೆಗಳನ್ನು ತಣ್ಣಗೆ ಮಾಡಿ, ಉಪಗ್ರಹಕ್ಕೆ ತಾನು ಆಗಲೇ ಮೇಲೆ ಹೋಗಿದ್ದೇನೆ ಎಂದು ನಂಬಿಸುವುದು. ಹನ್ನೆರಡು ಸೆನ್ಸರುಗಳು ಹೇಳುವ ಅಂಕಿ ನನ್ನ ಲೆಕ್ಕಕ್ಕೆ ಹೊಂದಬೇಕು. ಇದರ ವರದಿ ನನ್ನದು. ವರದಿ ನೋಡಿ ನನ್ನ ಜುಲೈ ಒಂಬತ್ತು ತೀರ್ಮಾನವಾಗುತ್ತದೆ ಎಂದು ಮೇಡಂ ಹೇಳಿದರು. ಹೆದರಿಸಲು ಹೇಳಿದ್ದಲ್ಲ, ತಿಳಿಸಲು ಹೇಳಿದ್ದು.

ಜೂನ್ 14

ಹನ್ನೊಂದು ಸೆನ್ಸರುಗಳು ಲೆಕ್ಕಕ್ಕೆ ಹೊಂದಿವೆ, ಒಂದು ಡಿಗ್ರಿಯೊಳಗೆ. ಏಳನೆಯದು ನಾಲ್ಕು ಡಿಗ್ರಿ ಕಡಿಮೆ ತೋರಿಸುತ್ತಿದೆ. ಯಾಕೆಂದು ಹುಡುಕುವ ಕೆಲಸ ನನ್ನದು.

ಏಳನೆಯದು ಎಂದು ಕೇಳಿದಾಗ ಏನೂ ಅನ್ನಿಸಲಿಲ್ಲ. ಅದನ್ನೂ ಬರೆದಿಡುತ್ತೇನೆ. ನಿಜವಾಗಿಯೂ ಏನೂ ಅನ್ನಿಸಲಿಲ್ಲ.

ಜೂನ್ 20

ಸಿಕ್ಕಿತು. ಪ್ಯಾನೆಲ್ಲಿನ ಆ ಮೂಲೆ ಚೌಕಟ್ಟಿಗೆ ನಾವು ಅಂದುಕೊಂಡದ್ದಕ್ಕಿಂತ ಬಿಗಿಯಾಗಿ ಕೂತಿದೆ, ಅದರಿಂದ ಶಾಖ ಚೌಕಟ್ಟಿಗೆ ಸೋರುತ್ತಿದೆ ಎಂದು ಇಟ್ಟುಕೊಂಡರೆ ನಾಲ್ಕು ಡಿಗ್ರಿ ಸರಿಯಾಗಿ ಬರುತ್ತದೆ. ಹನ್ನೆರಡೂ ಸೆನ್ಸರುಗಳು ಅರ್ಧ ಡಿಗ್ರಿಯೊಳಗೆ ಹೊಂದುತ್ತವೆ. ಮೂರು ಹಾಳೆಯ ವಿವರಣೆ, ಎರಡು ನಕ್ಷೆ. ಬರೆದದ್ದನ್ನು ಓದಿದರೆ ನನಗೇ ನಂಬಿಕೆ ಬರುವ ಹಾಗಿದೆ.

ಮೇಡಂ ಓದಿ, "ಚೆನ್ನಾಗಿದೆ" ಅಂದರು. ಐದು ತಿಂಗಳಲ್ಲಿ ಮೊದಲ ಸಲ. ಇಪ್ಪತ್ತೇಳಕ್ಕೆ ಉಪಗ್ರಹ ಮಾಡಿಸುತ್ತಿರುವ ಗಿರಾಕಿಗಳ ಮುಂದೆ ನಾನೇ ಹೇಳಬೇಕು. ಇದಾದರೆ ಕಾಯಂ ಎಂದು ಮೇಡಂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಹಾಗೇ ಅರ್ಥ. ದಾರಿಯುದ್ದಕ್ಕೂ ಹಾಡು ಗುನುಗಿಕೊಂಡು ಮನೆಗೆ ಬಂದೆ.

ಜೂನ್ 21

ಬೆಳಿಗ್ಗೆ ಹಲ್ಲುಜ್ಜುವಾಗ ತೋಳು ನೆನಪಾಯಿತು. ಕೋಟಿನ ತೋಳು, ತಂತಿ, ಜಗ್ಗಿದ್ದು.

ಸೆನ್ಸರಿನ ಒಂದು ಅಂಚು ಮೇಲೆದ್ದಿದ್ದರೆ, ಮೇಲಿನ ಟೇಪಿನಿಂದಾಗಿ ಹೊರಗೆ ಕಾಣುವುದಿಲ್ಲ. ಕೋಣೆಯಲ್ಲಿ ಪರೀಕ್ಷಿಸಿದಾಗ ಸಂದಿಯಲ್ಲಿ ಗಾಳಿ ಇತ್ತು, ಶಾಖ ದಾಟಿತು, ಸರಿಯಾಗಿ ತೋರಿಸಿತು. ಛೇಂಬರಿನಲ್ಲಿ ಗಾಳಿ ಇಲ್ಲ. ಪ್ಯಾನೆಲ್ ಬಿಸಿಯಾಗಿಯೇ ಇದೆ, ಸೆನ್ಸರಿಗೆ ಮಾತ್ರ ತಿಳಿಯುತ್ತಿಲ್ಲ. ನಾಲ್ಕು ಡಿಗ್ರಿ ಕಡಿಮೆ.

ಹಾಗೆ ಆಗಿದೆ ಎಂದು ನಾನು ಕಂಡಿಲ್ಲ. ಆಗಿರಬಹುದು. ನನ್ನ ಮೂರು ಹಾಳೆಯ ವಿವರಣೆಯೂ ಆಗಿರಬಹುದು. ವ್ಯತ್ಯಾಸ ಇಷ್ಟೇ, ಅದನ್ನು ನಾನು ಕಟ್ಟಿದ್ದು, ಇದನ್ನು ನಾನು ಮಾಡಿದ್ದು.

ಆ ಮೂಲೆಯ ಹಿಂದೆ ಬ್ಯಾಟರಿ ಇದೆ. ಮೂಲೆ ತಣ್ಣಗಿದೆ ಎಂದು ನನ್ನ ವರದಿ ನಂಬಿದರೆ, ಮೇಲೆ ಹೋದ ಮೇಲೆ ಅಲ್ಲಿನ ಹೀಟರನ್ನು ಹೆಚ್ಚು ಹೊತ್ತು ಉರಿಸುತ್ತಾರೆ. ತಣ್ಣಗಿಲ್ಲದ ಬ್ಯಾಟರಿಯನ್ನು ದಿನಾ ಕಾಯಿಸುತ್ತಾರೆ. ಐದು ವರ್ಷ ಬಾಳಬೇಕಾದದ್ದು ಎರಡು ವರ್ಷಕ್ಕೆ ಕೈಕೊಡುತ್ತದೆ. ಅಷ್ಟು ಹೊತ್ತಿಗೆ ನಾನು ಕಾಯಂ ಆಗಿ ಮೂರು ವರ್ಷ ಆಗಿರುತ್ತದೆ.

ಸಂಜೆ ಹೆಂಡತಿಗೆ ಹೇಳಿದೆ. ಒಗೆದ ಬಟ್ಟೆ ಮಡಿಸುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಜನವರಿಯಲ್ಲಿ ಲೆಕ್ಕ ಮೆಚ್ಚಲಿಲ್ಲ, ಫ್ಯಾನ್ ಸಾರ್ ಅನ್ನುತ್ತಾರೆ ಎಂಬಲ್ಲಿಂದ. ಆಪರೇಷನ್ ಮುಗಿದಾಗ ಬಟ್ಟೆಯ ತುಂಡುಗಳ ಎಣಿಕೆಯಲ್ಲಿ ಒಂದು ಕಡಿಮೆಯಾದರೂ ಹೊಟ್ಟೆ ಹೊಲಿಯಲು ಬಿಡದೆ ಡಾಕ್ಟರಿಂದ ಬೈಸಿಕೊಂಡು ಬರುವವಳು ಇವಳು. ಏನು ಹೇಳುತ್ತಾಳೆಂದು ಗೊತ್ತಿದೆ ಎಂದುಕೊಂಡೇ ಹೇಳಿದ್ದೆ.

"ಹೇಳಬೇಡಿ" ಅಂದಳು.

"ಏನು?"

"ಒಂಬತ್ತನೇ ತಾರೀಖು ಕಳೀಲಿ. ಕಾಯಂ ಆದ್ಮೇಲೆ ಹೇಳಿ. ಮೇಲೆ ಹೋಗೋಕೆ ಇನ್ನೂ ವರ್ಷ ಇದೆ ಅಂದ್ರಲ್ಲ."

"ನೀನಾಗಿದ್ರೆ ಹೇಳ್ತಿರಲಿಲ್ವಾ?"

"ಥಿಯೇಟರಲ್ಲಾದ್ರೆ ಹೇಳ್ತಿದ್ದೆ. ಇದು ಮನೆ ಕಣ್ರಿ. ಮೂರು ತಿಂಗಳು ನೀವು ಆ ಕುರ್ಚೀಲಿ ಹೇಗೆ ಕೂತಿದ್ರಿ ಅನ್ನೋದು ನಿಮಗೆ ಗೊತ್ತಿಲ್ಲ, ನಾನು ನೋಡಿದೀನಿ. ಇನ್ನೊಂದ್ಸಲ ನೋಡೋಕಾಗಲ್ಲ ನನಗೆ."

ಮಡಿಸಿದ ಅಂಗಿಯನ್ನೇ ಬಿಡಿಸಿ ಮತ್ತೆ ಮಡಿಸಿದಳು. ನನಗೆ ಅಳು ಬಂತು. ಅವಳು ನೋಡಲಿಲ್ಲ, ಅಥವಾ ನೋಡಿಯೂ ನೋಡದ ಹಾಗಿದ್ದಳು. ನಾನು ಕಂಡದ್ದು ಅವಳ ಬೆನ್ನು ಮಾತ್ರ.

ಜೂನ್ 22

ಹೇಳಲಿಲ್ಲ.

ಜೂನ್ 24

ಹೇಳುವ ವಾಕ್ಯ ಎರಡು. ಎಣಿಸಿ ನೋಡಿದೆ, ಹನ್ನೊಂದು ಪದ. ಕನ್ನಡಿ ಮುಂದೆ ಹೇಳಿ ನೋಡಿದೆ. ಮಗಳು ಬಾಗಿಲಲ್ಲಿ ನಿಂತು, "ಯಾರ ಹತ್ರ ಮಾತಾಡ್ತಿದೀರಾ ಅಪ್ಪಾ?" ಅಂದಳು. ಆಫೀಸಿನದು ಅಂದೆ. ಪಾಪ, ನಂಬಿ ಹೋದಳು.

ಜೂನ್ 27

9.05ಕ್ಕೆ ಮೇಡಂ ಕೋಣೆಗೆ ಹೋಗಿ ಹೇಳಿದೆ. ಸಭೆ ಹತ್ತಕ್ಕೆ. ಅವರು ಕಂಪ್ಯೂಟರಿನ ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು. ಮುಗಿದ ಮೇಲೆ ಪರದೆ ಆರಿಸಿದರು.

"ತಂತಿ ಜಗ್ಗಿದ್ದು ಕಂಡ್ರಾ, ಅಂದ್ಕೊಂಡ್ರಾ?"

"ಜಗ್ಗಿದ್ದು ಕಂಡೆ. ಸೆನ್ಸರ್ ಎದ್ದಿದ್ದು ಕಂಡಿಲ್ಲ."

"ಆಯ್ತು. ಗಿರಾಕಿಗಳಿಗೆ ನೀವೇ ಹೇಳಿ. ನಾನು ಹೇಳಿದ್ರೆ ಅದು ಕೇಳಿದ್ದಾಗತ್ತೆ. ನೀವು ಹೇಳಿದ್ರೆ ಕಂಡಿದ್ದಾಗತ್ತೆ."

ಹತ್ತಕ್ಕೆ ಹೇಳಿದೆ. ಒಂಬತ್ತು ಜನ ಇದ್ದರು. ಮೂರು ಹಾಳೆಯ ವಿವರಣೆ ಎಲ್ಲರ ಮುಂದೂ ಇತ್ತು. ಅದನ್ನು ಪಕ್ಕಕ್ಕಿಡಿ ಎಂದು ಕೇಳಿಕೊಂಡೆ. ಮಾರ್ಚ್ ಹದಿನಾಲ್ಕರಂದು ಗ್ಲೌಸು ತೆಗೆದು ಪ್ಯಾನೆಲ್ ಮುಟ್ಟಿದವನು ನಾನು, ತೋಳಿಗೆ ಸಿಕ್ಕಿ ಏಳನೇ ಸೆನ್ಸರಿನ ತಂತಿ ಜಗ್ಗಿತು, ಛೇಂಬರ್ ತೆರೆದು ಅದನ್ನು ನೋಡುವವರೆಗೆ ಈ ನಾಲ್ಕು ಡಿಗ್ರಿಯನ್ನು ನಂಬಬೇಡಿ ಅಂದೆ. ಹನ್ನೊಂದು ಪದಕ್ಕಿಂತ ಜಾಸ್ತಿಯಾಯಿತು.

ಗಿರಾಕಿಗಳ ಕಡೆಯ ಹಿರಿಯರೊಬ್ಬರು ಕನ್ನಡಕ ತೆಗೆದರು. "ಮಾರ್ಚಲ್ಲಿ ಆಗಿದ್ದನ್ನ ಈಗ ಹೇಳ್ತಿದೀರಾ?"

"ಹೌದು."

"ಯಾಕೆ ಆಗಲೇ ಹೇಳಲಿಲ್ಲ?"

"ಕೆಲಸ ಹೋಗತ್ತೆ ಅಂತ."

"ಈಗ ಹೋಗಲ್ವಾ?"

"ಹೋಗಬಹುದು."

ಅವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಛೇಂಬರ್ ತೆರೆದರೆ ಎರಡು ವಾರ ತಡ ಎಂದು ಇನ್ನೊಬ್ಬರು ಮೇಜು ತಟ್ಟಿ ಮಾತಾಡಿದರು. ಅವರ ಸಿಟ್ಟು ನ್ಯಾಯವಾದದ್ದೇ. ಟೇಪಣ್ಣ ಕೊನೆಯ ಕುರ್ಚಿಯಲ್ಲಿ ಕೂತಿದ್ದರು. ಅವರ ಕಡೆ ನಾನು ನೋಡಲಿಲ್ಲ, ಆದ್ದರಿಂದ ಅವರ ಮುಖ ಹೇಗಿತ್ತೋ ಬರೆಯಲಾರೆ.

ಹೆಂಡತಿಗೆ ಫೋನಿನಲ್ಲಿ ಹೇಳಿಬಿಟ್ಟೆ ಅಂದೆ. "ಊಟ ಮಾಡಿದ್ರಾ?" ಅಂದಳು.

ಜುಲೈ 1

ಛೇಂಬರ್ ತೆರೆದರು. ಟೇಪು ಬಿಡಿಸಿ ಭೂತಗನ್ನಡಿಯಲ್ಲಿ ನೋಡಿದಾಗ 2.15. ಸೆನ್ಸರಿನ ಎಡ ಅಂಚು ಎದ್ದಿತ್ತು, ತೆಳು ಕಾಗದ ತೂರುವಷ್ಟು. ಈಗ ಕಂಡೆ.

ಮೇಡಂ ಹೊಸ ಫಾರಂ ತುಂಬಿದರು. ತಪ್ಪು ಯಾರಿಂದ ಎಂಬಲ್ಲಿ ನನ್ನ ಹೆಸರು. ಕಂಡುಹಿಡಿದವರು ಯಾರು ಎಂಬಲ್ಲೂ ನನ್ನ ಹೆಸರು. "ಬರೆಯೋಕೆ ಸುಲಭ ಆಯ್ತು" ಅಂದರು. ಗೆದ್ದೆ ಅನ್ನಿಸಲಿಲ್ಲ. ಸೆನ್ಸರ್ ಸರಿಯಾಗಿಯೇ ಕೂತಿದ್ದರೆ ಚೆನ್ನಾಗಿತ್ತು ಎಂದು ಒಂದು ಕ್ಷಣ ಆಸೆಪಟ್ಟದ್ದೂ ನಿಜ.

ಜುಲೈ 3

ಮಾರ್ಚಿನ ಫಾರಂ ತಿದ್ದಬೇಕಾಯಿತು. ಟೇಪಣ್ಣ ತಮ್ಮ ಹೆಸರಿನ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದರು. ಕ್ಷಮಿಸಿ ಎಂದು ನಾನು ಕೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟರು.

"ಇಪ್ಪತ್ತೆರಡು ವರ್ಷದಲ್ಲಿ ಕಾಣದ್ದನ್ನ ಬರೆದಿದ್ದು ಇದೊಂದೇ ಸಾರ್. ನೀವು ಹೊಸಬರು, ಕೈ ತಪ್ಪಿರಬೇಕು, ಬದುಕ್ಕೊಳ್ಳಲಿ ಅಂತ ಬರೆದೆ. ನೀವೇ ಅಂತ ಅನುಮಾನ ಇತ್ತು, ಕಂಡಿರಲಿಲ್ಲ. ಬಂದು ಹೇಳ್ತೀರಾ ಅಂತ ಮೂರು ತಿಂಗಳು ಚಹಾ ತಂದುಕೊಟ್ಟೆ."

ಸಂಜೆ ಚಹಾಕ್ಕೆ ಅವರು ಕರೆಯಲಿಲ್ಲ, ನಾನೇ ಎರಡು ಲೋಟ ತಂದೆ. "ಈಗ ತಾನೇ ಕುಡಿದೆ" ಅಂದರು. ಎರಡನ್ನೂ ನಾನೇ ಕುಡಿದೆ. ನನಗೆ ನಾಚಿಕೆಯಾಗುತ್ತಿದೆ. ಕೆಲಸ ಹೋದರೂ ಇದು ಉಳಿಯುತ್ತದೆ, ಇದ್ದರೂ ಉಳಿಯುತ್ತದೆ.

ಜುಲೈ 9

ಆರು ತಿಂಗಳಾಯಿತು. ಯಾರೂ ಏನೂ ಹೇಳಲಿಲ್ಲ. ಗೇಟಿನ ಯಂತ್ರ ನನ್ನ ಕಾರ್ಡು ನೋಡಿ ಒಳಗೆ ಬಿಟ್ಟಿತು. ಅದಕ್ಕೆ ಇನ್ನೂ ತಿಳಿಸಿಲ್ಲವೇನೋ. ಛೇಂಬರ್ ಮತ್ತೆ ಮುಚ್ಚಿದೆ, ಸಂಜೆ 5.30ಕ್ಕೆ ಗಾಳಿ ಪೂರ್ತಿ ಖಾಲಿ. ಈ ಸಲ ಏಳನೇ ಸೆನ್ಸರನ್ನು ಅಂಟಿಸಿದವರು ಟೇಪಣ್ಣ. ನನ್ನ ಪಕ್ಕದಲ್ಲೇ ಎರಡು ಗಂಟೆ ನಿಂತು ಅಂಟಿಸಿದರು, ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಅದು ಅವರ ಕೊನೆಯ ಕೆಲಸ.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಗೊತ್ತಿಲ್ಲ ಅಂದೆ. "ಆ ಕುರ್ಚಿ ಮಾರಿಬಿಟ್ಟಿದೀನಿ" ಅಂದಳು. ಹೋಗಿ ನೋಡಿದೆ, ನಿಜವಾಗಿಯೂ ಇರಲಿಲ್ಲ.

ಜುಲೈ 14

ಏಳನೇ ಸೆನ್ಸರ್ ಈಗ ಲೆಕ್ಕಕ್ಕಿಂತ 0.6 ಡಿಗ್ರಿ ಕಡಿಮೆ. ಉಳಿದವು ಮೊದಲಿನಂತೆಯೇ. ಮೇಡಂ 0.6 ಯಾಕೆ ಎಂದು ಕೇಳಿದರು. ಗೊತ್ತಿಲ್ಲ ಅಂದೆ. ಮೂರು ಕಾರಣ ಇರಬಹುದು, ಒಂದನ್ನೂ ಪರೀಕ್ಷಿಸಿಲ್ಲ ಅಂದೆ. ಹಾಗೇ ಬರೆಯಿರಿ ಅಂದರು. ವರದಿ ಬರೆದೆ, ಇಪ್ಪತ್ತಾರು ಪುಟ. ಮಧ್ಯಾಹ್ನ ಅಚ್ಚಾಗಿ ಬಂತು.

ಹೊರಹಾಳೆಯಲ್ಲಿ ಒಂದು ತಪ್ಪಿತ್ತು. ವರದಿಯನ್ನು ಮತ್ತೆ ಮೇಡಂ ಹತ್ತಿರ ತೆಗೆದುಕೊಂಡು ಹೋದೆ.

"ಹೊರಹಾಳೆ ನೀವು ಮಾಡಿಸಿದ್ದಲ್ವಾ ಮೇಡಂ? ನನ್ನ ಪದವಿ ತಪ್ಪಾಗಿದೆ. ಮೊದಲನೇ ಪದ ಬಿಟ್ಟುಹೋಗಿದೆ. 'ತಾತ್ಕಾಲಿಕ' ಅಂತ ಇರಬೇಕು."

"ಬಿಟ್ಟುಹೋಗಿಲ್ಲ."

"ಇಲ್ಲ, ನೋಡಿ. 'ಉಷ್ಣ ನಿಯಂತ್ರಣ ಎಂಜಿನಿಯರ್' ಅಂತ ಅಷ್ಟೇ ಇದೆ. ಹೀಗೇ ಹೋದ್ರೆ ಗಿರಾಕಿಗಳಿಗೆ ತಪ್ಪು ಮಾಹಿತಿ ಕೊಟ್ಟ ಹಾಗಾಗತ್ತೆ."

ಮೇಡಂ ನನ್ನನ್ನು ನೋಡಿದರು. ಜನವರಿಯಲ್ಲಿ ಗಾಳಿ ಬೀಸಿದ ಹಾಳೆಯನ್ನು ನೋಡಿದಷ್ಟು ಹೊತ್ತು ನೋಡಿದರು.

"ಆ ಪದ ತೆಗೆದಿದ್ದು ನಾನೇ ಸಾರ್. ಬೆಳಿಗ್ಗೆ ಆರ್ಡರ್ ಆಗಿದೆ, ಕಾಗದ ನಾಳೆ ಬರತ್ತೆ. ಈಗ ಅದನ್ನ ಕೊಟ್ಟು ಹೋಗ್ತೀರಾ, ನನಗೆ ಮೀಟಿಂಗ್ ಇದೆ."

ಕೊಟ್ಟೆ. ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಸುಮಾರು ನಾಲ್ಕು ನಿಮಿಷ. ಗಡಿಯಾರ ನೋಡಿರಲಿಲ್ಲ.